ಕೈಕಾಲು ಸ್ವಾಧೀನ ತಪ್ಪಿದವರ ರಾತ್ರಿ

ಕುತ್ತಿಗೆಯ ಮಟ್ಟದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಕೈ, ಕಾಲು, ಮುಂಡಗಳ ಸ್ವಾಧೀನ ತಪ್ಪುವುದನ್ನು ಕ್ವಾಡ್ರಿಪ್ಲೀಜಿಯಾ ಎನ್ನುತ್ತಾರೆ. ರಸ್ತೆ ಅಪಘಾತದಲ್ಲೋ ಮರ, ಮಹಡಿಗಳಿಂದ ಬಿದ್ದೋ ಹೀಗಾದವರು ನಮ್ಮಲ್ಲಿ ಬಹಳ. ಹಗಲಿಗೆ ಗಾಲಿಕುರ್ಚಿ ಇದೆ, ಜೊತೆಗೆ ಜನರಿದ್ದಾರೆ. ರಾತ್ರಿ ಹಾಸಿಗೆಗೆ ಬಂದ ಮೇಲೆ ಕೈಯಲ್ಲಿ ಉಳಿಯುವುದು ತಲೆಯ ಅಲುಗಾಟ, ದನಿ, ಉಸಿರು. ಪೆಟ್ಟು ತುಸು ಕೆಳಗಿದ್ದರೆ ಮೊಣಕೈ ಮಡಚುವಷ್ಟು ಬಲ. ಯಾರನ್ನು, ಯಾವಾಗ, ಎಷ್ಟು ಸಲ ಎಬ್ಬಿಸಬೇಕೆಂದು ಇಷ್ಟರಲ್ಲೇ ತಾವು ತೀರ್ಮಾನಿಸುವಂತಾದರೆ ಅದೇ ರಾತ್ರಿಯ ಸ್ವಾವಲಂಬನೆ. ಅದು ಬಹುಪಾಲು ಸಿದ್ಧವಾಗುವುದು ದೀಪ ಆರಿಸುವ ಮುಂಚೆ.

ಮಗ್ಗುಲು ಬದಲಿಸುವುದು

ಹೊರಳಲಾಗದ, ನೋವೂ ತಿಳಿಯದ ದೇಹದಲ್ಲಿ ಬಾಲಮೂಳೆ, ಸೊಂಟದ ಬದಿ, ಹಿಮ್ಮಡಿಗಳ ಚರ್ಮಕ್ಕೆ ರಕ್ತ ತಲುಪದೆ ಒತ್ತಡದ ಹುಣ್ಣು ಏಳುತ್ತದೆ. ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ 1944ರಲ್ಲಿ ಬೆನ್ನುಹುರಿ ವಿಭಾಗ ಕಟ್ಟಿದ ಲುಡ್ವಿಗ್ ಗುಟ್‌ಮನ್, ರಾತ್ರಿಯೂ ಬಿಡದೆ ಎರಡು ಗಂಟೆಗೊಮ್ಮೆ ರೋಗಿಗಳ ಮಗ್ಗುಲು ಬದಲಿಸುವ ಶಿಸ್ತು ತಂದರು. ಪ್ಯಾರಾಲಿಂಪಿಕ್ಸ್‌ನ ಜನಕ ಎಂದು ಅವರು ಹೆಸರಾಗಿದ್ದಾರೆ. ಈ ಶಿಸ್ತು ಅದಕ್ಕಿಂತ ಸಣ್ಣದೇನಲ್ಲ.

ಆಸ್ಪತ್ರೆಯಲ್ಲಿ ದಾದಿಯರಿಗೆ ಪಾಳಿ ಇರುತ್ತದೆ. ಮನೆಯಲ್ಲಿ ತಾಯಿಯೋ ಹೆಂಡತಿಯೋ ಒಬ್ಬರೇ. ಎರಡು ಗಂಟೆಗೊಮ್ಮೆ ಎದ್ದರೆ ಇಬ್ಬರ ನಿದ್ದೆಯೂ ಹಾಳು. ಹಾಗಾಗಿ ವೈದ್ಯರ ಸಲಹೆಯಂತೆ ಅಂತರವನ್ನು ಅರ್ಧರ್ಧ ಗಂಟೆ ಹಿಗ್ಗಿಸುತ್ತಾ, ಪ್ರತಿ ಸಲವೂ ಚರ್ಮ ನೋಡುತ್ತಾ ಹೋಗುತ್ತಾರೆ. ಒತ್ತು ಬಿದ್ದ ಗುರುತು ಬೇಗ ಮಾಸದಿದ್ದರೆ ಹಿಂದಿನ ಅಂತರಕ್ಕೇ ಮರಳಬೇಕು. ನಮ್ಮ ಮೈಬಣ್ಣದಲ್ಲಿ ಕೆಂಪು ಕಣ್ಣಿಗೆ ಬೀಳದಿರಬಹುದು. ಅಲ್ಲಿ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ, ಸುತ್ತಲಿಗಿಂತ ಕಪ್ಪಾಗಿದೆಯೇ ಎಂದು ಮುಟ್ಟಿ ನೋಡುವುದು ಮೇಲು.

ಪೂರ್ತಿ ಪಕ್ಕಕ್ಕೆ ಮಲಗಿಸಿದರೆ ಭಾರವೆಲ್ಲ ಸೊಂಟದ ಮೂಳೆಯ ಮೇಲೆ. ಬೆನ್ನಿಗೆ ದಿಂಬು ಒತ್ತರಿಸಿ 30 ಡಿಗ್ರಿಯಷ್ಟು ಓರೆಯಾಗಿಸಿದರೆ ಸಾಕು. ಮೊಣಕಾಲುಗಳ ನಡುವೆ ಇನ್ನೊಂದು ದಿಂಬು, ಮೀನಖಂಡದ ಕೆಳಗೆ ಮತ್ತೊಂದು. ಹಿಮ್ಮಡಿ ಹಾಸಿಗೆಗೆ ತಾಗದೆ ತೇಲುತ್ತಿರಬೇಕು. ಒತ್ತಡ ಬದಲಿಸುವ ಏರ್ ಬೆಡ್ ನೆರವಾಗುತ್ತದೆ, ಆದರೆ ಹೊರಳಿಸುವುದನ್ನು ಅದು ತಪ್ಪಿಸುವುದಿಲ್ಲ. ಕರೆಂಟು ಹೋದರೆ ಅದರ ಗಾಳಿಯೂ ಇಳಿಯಬಹುದು. ಯುಪಿಎಸ್ ಇರುವ ಮನೆಯಲ್ಲಿ ಟಿವಿಗಿಂತ ಮೊದಲು ಇದಕ್ಕೆ ಸಂಪರ್ಕ ಕೊಡಿಸಿ.

ಮೂತ್ರದ ಚೀಲ, ಏರುವ ಬಿಪಿ

ಹಗಲೆಲ್ಲ ಇಳಿಬಿದ್ದ ಕಾಲುಗಳಲ್ಲಿ ತಂಗಿದ ನೀರು ಮಲಗಿದಾಗ ರಕ್ತಕ್ಕೆ ಮರಳುತ್ತದೆ. ರಾತ್ರಿ ಮೂತ್ರ ಹೆಚ್ಚುವುದಕ್ಕೆ ಇದೊಂದು ಕಾರಣ. ಕಾಲಿಗೆ ಕಟ್ಟುವ ಸಣ್ಣ ಚೀಲ ಆಗ ಸಾಲದು. ಕ್ಯಾತಿಟರ್ (ಮೂತ್ರ ಹೊರಬಿಡುವ ಕೊಳವೆ) ಇರುವವರು ಎರಡು ಲೀಟರಿನ ಚೀಲವನ್ನು ಹಾಸಿಗೆಗಿಂತ ಕೆಳಗೆ ತೂಗುಹಾಕಿಸುತ್ತಾರೆ.

ಕೊಳವೆ ತೊಡೆಯಡಿ ಸಿಕ್ಕಿಕೊಂಡು ಮೂತ್ರಕೋಶ ತುಂಬಿದರೆ, ಕುತ್ತಿಗೆಯ ಮಟ್ಟದಲ್ಲಿ ಪೆಟ್ಟಾದವರಿಗೆ ಆಟೋನಾಮಿಕ್ ಡಿಸ್‌ರಿಫ್ಲೆಕ್ಸಿಯಾ ಎಂಬ ತುರ್ತು ಸ್ಥಿತಿ ಬರಬಹುದು. ತಲೆ ಸಿಡಿಯುತ್ತದೆ, ಮುಖ ಕೆಂಪೇರಿ ಬೆವರುತ್ತದೆ, ಬಿಪಿ ಜಿಗಿಯುತ್ತದೆ. ಇವರ ಮಾಮೂಲಿ ಮೇಲಿನ ಅಂಕಿ ಸಾಮಾನ್ಯವಾಗಿ 90ರಿಂದ 110ರ ಆಸುಪಾಸಿನಲ್ಲಿರುತ್ತದೆ. ಬೇರೆಯವರಲ್ಲಿ ಅಷ್ಟೇನೂ ಅಲ್ಲ ಎನಿಸುವ 140 ಇವರಿಗೆ ಅಪಾಯದ ಗಂಟೆ. ಮೊದಲು ಎಬ್ಬಿಸಿ ಕೂರಿಸಬೇಕು, ಬಟ್ಟೆ ಸಡಿಲಿಸಬೇಕು, ಕೊಳವೆಯ ಮಡಿಕೆ ಬಿಡಿಸಬೇಕು. ಅದರಿಂದಲೂ ಇಳಿಯದಿದ್ದರೆ ತಡಮಾಡದೆ ಆಸ್ಪತ್ರೆ. ತುರ್ತು ಚಿಕಿತ್ಸಾ ವಿಭಾಗದ ವೈದ್ಯರೆಲ್ಲರೂ ಈ ಸ್ಥಿತಿಯನ್ನು ನೋಡಿರುವುದಿಲ್ಲವಾದ್ದರಿಂದ ಮಾಮೂಲಿ ಬಿಪಿಯನ್ನು ಬರೆದ ಚೀಟಿ ಜೊತೆಗಿರಲಿ.

ಬಾರದ ನಿದ್ದೆ

ಕತ್ತಲಾಯಿತೆಂಬ ಸೂಚನೆ ಮಿದುಳಿನಿಂದ ಕುತ್ತಿಗೆಯ ಬೆನ್ನುಹುರಿಯ ಮೂಲಕ ಇಳಿದು, ಬಳಸಿ ಮತ್ತೆ ಮೇಲೇರಿ ಪೀನಿಯಲ್ ಗ್ರಂಥಿಯನ್ನು ಮುಟ್ಟುತ್ತದೆ. ಕುತ್ತಿಗೆಯಲ್ಲಿ ಹುರಿ ಪೂರ್ತಿ ತುಂಡಾದವರಲ್ಲಿ ಆ ದಾರಿಯೇ ಕಡಿದಿರುತ್ತದೆ. ಹಾಗಾಗಿ ಆ ಗ್ರಂಥಿ ಸ್ರವಿಸುವ, ನಿದ್ದೆಗೆ ನೆರವಾಗುವ ಮೆಲಟೋನಿನ್ ಸಂಜೆ ಏರುವುದಿಲ್ಲ. ‘ಸುಮ್ಮನೆ ಯೋಚನೆ ಮಾಡ್ತೀಯ, ಅದಕ್ಕೇ ನಿದ್ದೆ ಬರಲ್ಲ’ ಎನ್ನುವ ಮನೆಯವರಿಗೆ ಇದನ್ನು ತಿಳಿಸಬೇಕು. ನಿದ್ದೆಯಲ್ಲಿ ಉಸಿರು ಕಟ್ಟುವ ಸ್ಲೀಪ್ ಆಪ್ನಿಯಾ ಕೂಡ ಇವರಲ್ಲಿ ತುಂಬ ಸಾಮಾನ್ಯ. ಜೋರು ಗೊರಕೆ, ಬೆಳಗಿನ ತಲೆನೋವು ಇದ್ದರೆ ಪರೀಕ್ಷೆ ಆಗಲಿ. ಅದಕ್ಕೂ ಮುಂಚೆ ನಿದ್ದೆ ಮಾತ್ರೆ ಬೇಡ.

ಕರೆಯುವ ದಾರಿ

ಫೋನುಗಳೀಗ ಮಾತು ಕೇಳುತ್ತವೆ: ಕರೆ ಮಾಡುತ್ತವೆ, ಹಾಡು ಹಾಕುತ್ತವೆ, ಸ್ಮಾರ್ಟ್ ಪ್ಲಗ್ ಇದ್ದರೆ ಫ್ಯಾನು, ದೀಪಗಳನ್ನೂ ನಡೆಸುತ್ತವೆ. ತೊಡಕಿರುವುದು ಇವರ ದನಿಯಲ್ಲಿ. ಎದೆಯ ಸ್ನಾಯುಗಳು ಸೋತು ಅದು ಕ್ಷೀಣಿಸಿರುತ್ತದೆ. ಉಸಿರಾಟದ ಮಾಸ್ಕ್ ಹಾಕಿದರಂತೂ ಕೇಳಿಸುವುದೇ ಕಷ್ಟ. ಕೆನ್ನೆ ತಾಗಿಸಿದರೆ ಒತ್ತಿಕೊಳ್ಳುವ ಗುಂಡಿ, ಇಲ್ಲವೇ ಕೊಳವೆಯಲ್ಲಿ ಊದಿದರೆ, ಹೀರಿದರೆ ಕೆಲಸ ಮಾಡುವ ಸ್ವಿಚ್ಚು ಜೊತೆಗಿರಲೇಬೇಕು. ಬ್ಯಾಟರಿಯಲ್ಲಿ ನಡೆಯುವಂಥದ್ದಾದರೆ ಕರೆಂಟು, ವೈಫೈ ಹೋದರೂ ಗಂಟೆ ಬಾರಿಸುತ್ತದೆ. ಸಹಾಯಕರು ಕೋಣೆ ಬಿಡುವ ಮೊದಲು ಮಲಗಿದವರೇ ಒಮ್ಮೆ ಒತ್ತಿ ನೋಡುವ ರೂಢಿ ಒಳ್ಳೆಯದು. ಬಾಯಾರಿಕೆಗೆ, ನುಂಗಲು ತೊಂದರೆ ಇಲ್ಲದವರಿಗೆ, ಕಚ್ಚಿದರೆ ಮಾತ್ರ ನೀರು ಬರುವ ಕೊಳವೆಯನ್ನು ತುಟಿಯ ಬಳಿ ಸಿಕ್ಕಿಸಿದರೆ ಒಂದು ಗುಟುಕಿಗಾಗಿ ಯಾರನ್ನೂ ಎಬ್ಬಿಸಬೇಕಾಗಿಲ್ಲ.

ಸೆಕೆ, ಚಳಿ, ಸೊಳ್ಳೆ

ಪೆಟ್ಟಿನ ಕೆಳಗಿನ ಮೈ ಸೆಕೆಗೆ ಬೆವರುವುದಿಲ್ಲ, ಚಳಿಗೆ ನಡುಗುವುದಿಲ್ಲ. ತೆಳು ಹೊದಿಕೆಗಳನ್ನು ಒಂದರ ಮೇಲೊಂದು ಹೊದಿಸಿದರೆ ಬೇಕಾದಷ್ಟೇ ಸರಿಸಬಹುದು. ಬಿಸಿನೀರಿನ ಚೀಲ ಮಾತ್ರ ಬೇಡವೇ ಬೇಡ: ಸುಟ್ಟದ್ದು ಗೊತ್ತಾಗುವುದು ಬೆಳಿಗ್ಗೆ. ಸೊಳ್ಳೆ ಪರದೆಯ ಅಂಚನ್ನು ಹಾಸಿಗೆಯಡಿ ಸುತ್ತಲೂ ಸಿಕ್ಕಿಸಿ, ಕರೆಗಂಟೆಯ ತಂತಿ ಮತ್ತು ಮೂತ್ರದ ಕೊಳವೆ ಮಡಚದಂತೆ ಒಂದೇ ಬದಿಯಿಂದ ಹೊರಗೆ ಬಿಡುವುದು ಅನುಕೂಲ.