ಲೂನಾ, ಎಲ್‌ಎಲ್‌ಆರ್ ಮತ್ತು ಅಪ್ಪನ ಸಹಿ

ಮೊನ್ನೆ ರವಿವಾರ ಚಹಾ ಕುಡಿಯುತ್ತ ಕೂತಿದ್ದೆ. ಮಗಳು ಬಂದು ಎದುರಿಗೆ ನಿಂತಳು. "ಅಪ್ಪಾ, ನಂಗ ಹದಿನಾರು ತುಂಬಿತು. ನೀ ಹದಿನಾರಕ್ಕ ಲೈಸೆನ್ಸ್ ತಗೊಂಡಿದ್ದೆಲ್ಲ, ನಂಗ್ಯಾಕ ಇಲ್ಲ?"

ತಪ್ಪು ನನ್ನದೇ. ಹಳೆಯ ಕಾಗದಪತ್ರಗಳ ನಡುವೆ ಸಿಕ್ಕ ನನ್ನ ಲರ್ನರ್ಸ್ ಲೈಸೆನ್ಸನ್ನು ದೊಡ್ಡಸ್ತಿಕೆಯಿಂದ ತೋರಿಸಿದವನು ನಾನೇ. ಆಗ ಉತ್ತರ ಹೊಳೆಯಲಿಲ್ಲ. ರಾತ್ರಿ ಕಾಯಿದೆ ಓದುತ್ತ ಕೂತೆ.

ನನ್ನ ಕತೆ 1990ರದು. ಅಪ್ಪನಿಗೆ ವರ್ಗವಾಗಿ ಧಾರವಾಡದಿಂದ ಪುಣೆಗೆ ಬಂದು ವರ್ಷವಾಗಿತ್ತು. ನಮ್ಮ ಕಡೆ 'ಎಲ್‌ಎಲ್‌ಆರ್' ಅಂದರೆ ಸಾಕು, ಇಲ್ಲಿ 'ಲರ್ನಿಂಗ್' ಅನ್ನಬೇಕು ಎಂದು ಕಲಿತದ್ದು ಆಗಲೇ. ಮನೆಯಲ್ಲಿ ಒಂದು ಲೂನಾ ಇತ್ತು. 1972ರಲ್ಲಿ ಪುಣೆಯ ಫಿರೋದಿಯಾ ಅವರ ಕೈನೆಟಿಕ್ ಕಂಪನಿ ತಂದ 50 ಸಿಸಿಯ ಮೊಪೆಡ್ ಅದು. ಇಟಲಿಯ ಪಿಯಾಜಿಯೋದ 'ಚಾವ್' ಮಾದರಿಯದು. ಗೇರಿಲ್ಲ, ಪೆಡಲ್ ಇದೆ. ಪೆಟ್ರೋಲ್ ತೀರಿದರೆ ಸೈಕಲ್ಲಿನಂತೆ ತುಳಿದುಕೊಂಡು ಮನೆಗೆ ಬರಬಹುದು!

ನನ್ನ ಅದೃಷ್ಟಕ್ಕೆ ಹೊಸ ಕಾಯಿದೆ ಆಗತಾನೇ ಬಂದಿತ್ತು. ನಮ್ಮ ದೇಶದ ಮೊದಲ ಮೋಟಾರು ವಾಹನ ಕಾಯಿದೆ 1914ರದು, ಆಮೇಲೆ 1939ರದು. 1988ರ ಕಾಯಿದೆ ಜಾರಿಗೆ ಬಂದದ್ದು 1989ರ ಜುಲೈ 1ರಂದು. ಗಾಡಿ ಓಡಿಸಲು 18 ವರ್ಷ ಆಗಿರಬೇಕು, ಆದರೆ ಗೇರಿಲ್ಲದ ಮೋಟಾರ್ ಸೈಕಲ್ಲನ್ನು 16 ತುಂಬಿದವರೂ ಓಡಿಸಬಹುದು ಎಂದಿತ್ತು ಅದು. ಒಂದೇ ಷರತ್ತು, 18 ಆಗದವರಿಗೆ ಲರ್ನರ್ಸ್ ಕೊಡಲು ಪೋಷಕರ ಲಿಖಿತ ಒಪ್ಪಿಗೆ ಬೇಕು.

ಅಪ್ಪ ಅರ್ಜಿಯನ್ನು ಎರಡು ಸಲ ಓದಿ ಸಹಿ ಮಾಡಿದರು. ಬಿಳಿ ಹಲಗೆಯ ಮೇಲೆ ಕೆಂಪು 'ಎಲ್'. ಇಂಗ್ಲೆಂಡಿನಲ್ಲಿ 1935ರಲ್ಲಿ ಶುರುವಾದ ಪದ್ಧತಿ. ನಮ್ಮ ನಿಯಮದಲ್ಲಿ ಅದಕ್ಕೂ ಅಳತೆಯಿದೆ: 18 ಸೆಂಟಿಮೀಟರಿನ ಚೌಕ, ಅಕ್ಷರ ಕನಿಷ್ಠ 10 ಸೆಂಟಿಮೀಟರ್ ಎತ್ತರ. ಲೈಸೆನ್ಸ್ ಇರುವವರು ಕಲಿಸಲು ಹಿಂದೆ ಕೂರಬಹುದು, ಬೇರೆ ಯಾರನ್ನೂ ಕೂರಿಸುವಂತಿಲ್ಲ. ಹಾಗಾಗಿ ನಸುಕಿನಲ್ಲಿ ಕೊಥ್ರೂಡಿನ ಖಾಲಿ ರಸ್ತೆಗಳಲ್ಲಿ ಅಪ್ಪ ಹಿಂದೆ, ನಾನು ಮುಂದೆ.

ಒಂದು ತಿಂಗಳೂ ತಡೆಯಲಾಗಲಿಲ್ಲ ನೋಡಿ... ಒಂದು ಸಂಜೆ ಗೆಳೆಯನನ್ನು ಹಿಂದೆ ಕೂರಿಸಿಕೊಂಡು ಹೊರಟೆ. ಮರಳಿನ ಮೇಲೆ ಜಾರಿ ಇಬ್ಬರೂ ಬಿದ್ದೆವು. ಅವನ ಮೊಣಕೈಗೆ ನಾಲ್ಕು ಹೊಲಿಗೆ. ಅಪ್ಪ ಬೈಯಲಿಲ್ಲ. ಅವನ ಮನೆಗೆ ಹೋಗಿ ಅವನ ತಂದೆಯ ಎದುರು ಕೈಮುಗಿದು ಬಂದರು. ಬಂದು ಕೀಲಿ ತೆಗೆದಿಡುತ್ತ ಹೇಳಿದ್ದು ಇಷ್ಟೇ: "ಬಿದ್ದವ ನೀ. ಆದ್ರ ಸಹಿ ಮಾಡಿದವ ನಾ."

ಈಗ ಮಗಳ ಪ್ರಶ್ನೆಗೆ ಬರುತ್ತೇನೆ. ನಾನು ಲೂನಾ ಓಡಿಸುವಾಗ ಓಣಿಯ ಇನ್ನೊಬ್ಬ ಹುಡುಗ ಕೈನೆಟಿಕ್ ಹೋಂಡಾ ಓಡಿಸುತ್ತಿದ್ದ. ಅದು 98 ಸಿಸಿ, ಆದರೆ ಗೇರಿಲ್ಲ. ಕಾಯಿದೆಯ ಕಣ್ಣಿಗೆ ಎರಡೂ ಒಂದೇ. ಆ ಸಡಿಲನ್ನು ಬಿಗಿ ಮಾಡಿದ್ದು 1994ರ ತಿದ್ದುಪಡಿ. 'ಗೇರಿಲ್ಲದ' ಎಂಬ ಮಾತು ಹೋಗಿ '50 ಸಿಸಿ ಮೀರದ' ಎಂದಾಯಿತು. ಜಾರಿಗೆ ಬಂದ ದಿನ ನವೆಂಬರ್ 14, ಮಕ್ಕಳ ದಿನಾಚರಣೆ!

ಮುಂದಿನ ಕೆಲಸವನ್ನು ಮಾಡಿದ್ದು ಮಾರುಕಟ್ಟೆ. ಪೆಟ್ರೋಲಿನ ಲೂನಾ ಹೋಯಿತು, ಬಜಾಜ್ ಸನ್ನಿ ಹೋಯಿತು. ಈಗ ಮನೆಮಂದಿ ಕೊಳ್ಳುವ ಸ್ಕೂಟರು 110 ಅಥವಾ 125 ಸಿಸಿ. ಹದಿನಾರರ ಅವಕಾಶ ಕಾಯಿದೆಯಲ್ಲಿ ಇಂದಿಗೂ ಇದೆ, ಅದಕ್ಕೆ ತಕ್ಕ ಪೆಟ್ರೋಲ್ ಗಾಡಿ ಅಂಗಡಿಯಲ್ಲಿಲ್ಲ. ಯಾರೂ ರದ್ದು ಮಾಡದೆಯೇ ಒಂದು ಹಕ್ಕು ಹೀಗೆ ಸವೆದುಹೋಯಿತು.

ಹಾಗಂತ ಮಕ್ಕಳು ಗಾಡಿ ಬಿಟ್ಟರೇ? ಇಲ್ಲ. ಟ್ಯೂಷನ್ ಕ್ಲಾಸುಗಳ ಮುಂದೆ ನಿಂತ ಸ್ಕೂಟರುಗಳನ್ನು ಎಣಿಸಿ ನೋಡಿ. ಅಪ್ಪಂದಿರು ಸಹಿಯ ಬದಲು ನೇರವಾಗಿ ಕೀಲಿಯನ್ನೇ ಕೊಡುತ್ತಿದ್ದಾರೆ. 2019ರ ತಿದ್ದುಪಡಿಯಲ್ಲಿ ಬಂದ 199ಎ ಕಲಮು ಇಂಥವರಿಗಾಗಿಯೇ. ಅಪ್ರಾಪ್ತರು ಗಾಡಿ ಓಡಿಸಿ ಅಪರಾಧವಾದರೆ ಪೋಷಕರಿಗೆ ಅಥವಾ ಗಾಡಿಯ ಮಾಲಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು. ಓಡಿಸಿದವರಿಗೆ 25 ವರ್ಷ ಆಗುವವರೆಗೆ ಲರ್ನರ್ಸ್ ಕೂಡ ಇಲ್ಲ. ಇದೆಲ್ಲ ಇದ್ದೂ 2024ರ ಮೇ 19ರ ನಸುಕಿನಲ್ಲಿ ನಮ್ಮದೇ ಪುಣೆಯ ಕಲ್ಯಾಣಿನಗರದಲ್ಲಿ ಕಾರು ಬೈಕಿಗೆ ಗುದ್ದಿ ಇಬ್ಬರು ಯುವ ಎಂಜಿನಿಯರುಗಳು ಸತ್ತರು. ಕಾರು ಓಡಿಸುತ್ತಿದ್ದವನಿಗೆ 17 ವರ್ಷ ಎಂದರು ಪೊಲೀಸರು. ಆ ವಾರವೆಲ್ಲ ನನಗೆ ಅಪ್ಪನ ಮಾತೇ ನೆನಪಾಗುತ್ತಿತ್ತು.

ಮಗಳಿಗೆ ಇಷ್ಟನ್ನೂ ಹೇಳಿದೆ. ಅವಳು ಬಿಡುವವಳಲ್ಲ. "ಹಂಗಾರ 250 ವ್ಯಾಟಿನ ಎಲೆಕ್ಟ್ರಿಕ್ ಗಾಡಿ ಕೊಡಸು. 25ರ ಸ್ಪೀಡ್ ದಾಟಂಗಿಲ್ಲ, ಲೈಸೆನ್ಸೂ ಬೇಡ." ಮಾತು ಖರೆ. ನನಗೆ ಹೆದರಿಕೆಯಾದದ್ದೂ ಅದಕ್ಕೇ. ಪರೀಕ್ಷೆಯಿಲ್ಲ, 'ಎಲ್' ಹಲಗೆಯಿಲ್ಲ, ಹಿಂದೆ ಕೂತು ಕಲಿಸುವ ಅಪ್ಪನೂ ಬೇಡ!

ಕೊನೆಗೆ ರಾಜಿಯಾದೆವು. ಹದಿನೆಂಟರವರೆಗೆ ಸೈಕಲ್. ಅಷ್ಟರಲ್ಲಿ ರಸ್ತೆಯ ನಿಯಮಗಳನ್ನೆಲ್ಲ ಓದಿಕೊಳ್ಳಬೇಕು. ಹದಿನೆಂಟಕ್ಕೆ ಲರ್ನರ್ಸ್, ಆಮೇಲೆ ಕನಿಷ್ಠ 30 ದಿನ ನಸುಕಿನಲ್ಲಿ ನಾನು ಹಿಂದೆ, ಅವಳು ಮುಂದೆ. ಆಗ ಕಾಯಿದೆಗೆ ನನ್ನ ಸಹಿ ಬೇಕಾಗುವುದಿಲ್ಲ. ಆದರೂ ಒಂದು ಹಾಳೆಯ ಮೇಲೆ ಮಾಡಿಕೊಡುತ್ತೇನೆ ಅಂದೆ.

"ಅಷ್ಟರಾಗ ಕಾಯಿದೆ ಮತ್ತ ಬದಲಾದ್ರ?" ಅಂದಳು.

ಬದಲಾದರೆ ಮತ್ತೆ ಓದಿದರಾಯಿತು ಬಿಡಿ.