ಸೀಸದ ಮೊಳೆಯಿಂದ ಬೆಳಕಿನ ಅಕ್ಷರಕ್ಕೆ

ಐದು ಶತಮಾನಗಳ ಕಾಲ ಮನುಷ್ಯನು ತನ್ನ ಮಾತನ್ನು ಕಾಗದದ ಮೇಲೆ ನಿಲ್ಲಿಸಲು ಸೀಸವನ್ನು ಹೊತ್ತನು. ೧೪೫೦ರ ಆಸುಪಾಸಿನಲ್ಲಿ ಜರ್ಮನಿಯ ಮೈಂಟ್ಸ್ ಪಟ್ಟಣದಲ್ಲಿ ಗುಟೆನ್‌ಬರ್ಗನು ಬಿಡಿ ಮೊಳೆಗಳನ್ನು ಎರಕ ಹೊಯ್ದಂದಿನಿಂದ ಇಪ್ಪತ್ತನೆಯ ಶತಮಾನದ ನಡುಗಾಲದವರೆಗೆ, ಯಂತ್ರಗಳು ಎಷ್ಟು ಬದಲಾದರೂ ಮೂಲ ಸೂತ್ರ ಒಂದೇ ಆಗಿತ್ತು: ಅಕ್ಷರವೆಂಬುದು ಒಂದು ಲೋಹದ ತುಂಡು, ಅದಕ್ಕೆ ಎತ್ತರವುಂಟು, ಅಗಲವುಂಟು, ತೂಕವುಂಟು, ಅದರ ತಲೆಗೆ ಶಾಯಿ ಬಳಿದು ಕಾಗದಕ್ಕೆ ಒತ್ತಬೇಕು. ಈ ಸೂತ್ರವನ್ನು ಮುರಿದು, ಅಕ್ಷರದ ಮೈಯನ್ನೇ ಕಳೆದು, ಅದನ್ನು ಬರಿಯ ಬೆಳಕಾಗಿ ಮಾಡಿದವರ ಕಥೆಯನ್ನು ಈ ಸಂಚಿಕೆಯ ವಾಚಕರ ಮುಂದಿಡಬೇಕೆಂಬುದು ನಮ್ಮ ಆಸೆ. ಬ್ಯಾಂಕಿನ ಲೆಕ್ಕದವರಿಗೆ ಅಚ್ಚುಕೂಟದ ಗೊಡವೆ ಏಕೆಂದು ಯಾರಾದರೂ ಕೇಳಿಯಾರು. ಸಂಘದ ಸಂಚಿಕೆಯ ಕರಡು ತಿದ್ದುವ ಕೆಲಸ ಕೆಲವು ವರ್ಷಗಳಿಂದ ನಮ್ಮ ಪಾಲಿಗೆ ಬಂದಿರುವುದೇ ಅದಕ್ಕೆ ಉತ್ತರ. ಹೊರನಾಡಿನಲ್ಲಿ ಕನ್ನಡವನ್ನು ಅಚ್ಚುಹಾಕಿಸುವವರಿಗೆ ಅಕ್ಷರ ಎಲ್ಲಿಂದ ಬರುತ್ತದೆಂಬ ಪ್ರಶ್ನೆ ಬರಿಯ ಕುತೂಹಲದ್ದಲ್ಲ.

ಮೊದಲು ಹಳೆಯ ಕ್ರಮವನ್ನು ನೆನೆಯೋಣ. ಕಂಪೋಸಿಟರು ಕೇಸಿನ ಮುಂದೆ ನಿಂತು, ಮನೆಮನೆಯಿಂದ ಒಂದೊಂದು ಮೊಳೆಯನ್ನು ಹೆಕ್ಕಿ, ಕೈಯಲ್ಲಿನ ಸ್ಟಿಕ್ಕಿನಲ್ಲಿ ತಿರುವುಮುರುವಾಗಿ ಕೂರಿಸಬೇಕು. ಸಾಲು ತುಂಬದಿದ್ದರೆ ಪದಗಳ ನಡುವೆ ತೆಳು ತುಂಡುಗಳನ್ನು ತುರುಕಿ ಅಂಚನ್ನು ಸರಿಮಾಡಬೇಕು. ಅಚ್ಚು ಮುಗಿದ ಮೇಲೆ ಅವನ್ನೆಲ್ಲ ತೊಳೆದು ಅದರದರ ಮನೆಗೆ ಮತ್ತೆ ಹಂಚಬೇಕು. ೧೮೮೬ರಲ್ಲಿ ಮರ್ಗೆಂಥಾಲರನ ಲೈನೊಟೈಪ್ ಯಂತ್ರ ‘ನ್ಯೂಯಾರ್ಕ್ ಟ್ರಿಬ್ಯೂನ್’ ಪತ್ರಿಕೆಯಲ್ಲಿ ಕೆಲಸಕ್ಕೆ ನಿಂತಾಗ ಈ ದುಡಿಮೆಯ ಬಹುಪಾಲು ತಪ್ಪಿತು. ಕೀಲಿ ಒತ್ತಿದರೆ ಹಿತ್ತಾಳೆಯ ಅಚ್ಚುಗಳು ಸಾಲುಗೂಡಿ, ಕರಗಿದ ಸೀಸ ಹರಿದು, ಇಡೀ ಸಾಲೇ ಒಂದು ಎರಕವಾಗಿ ಹೊರಬೀಳುತ್ತಿತ್ತು. ಅದರ ಬೆನ್ನಿಗೆ ಬಂದ ಮಾನೊಟೈಪ್ ಯಂತ್ರ ಬಿಡಿ ಮೊಳೆಗಳನ್ನೇ ಎರಕ ಹೊಯ್ದು ಸಾಲಾಗಿ ನಿಲ್ಲಿಸಿತು. ಆದರೂ ಸೀಸ ಸೀಸವೇ.

ಈ ನಡುವೆ ಮುದ್ರಣದ ಇನ್ನೊಂದು ಕವಲು ಬೆಳೆಯುತ್ತಿತ್ತು. ಆಫ್‌ಸೆಟ್ ಮುದ್ರಣದಲ್ಲಿ ಮೊಳೆಗಳು ಕಾಗದವನ್ನು ಮುಟ್ಟುವುದೇ ಇಲ್ಲ. ಪುಟದ ಛಾಯಾಚಿತ್ರ ತೆಗೆದು, ಆ ಫಿಲ್ಮಿನಿಂದ ತಗಡಿನ ಮೇಲೆ ಬಿಂಬ ಮೂಡಿಸಿ, ಅದರಿಂದ ಅಚ್ಚು ಮಾಡುತ್ತಾರೆ. ಹಾಗಿದ್ದರೂ ಆ ಪುಟವನ್ನು ಮೊದಲು ಸೀಸದಲ್ಲಿ ಜೋಡಿಸಿ, ಒಂದೇ ಒಂದು ಒಳ್ಳೆಯ ಪ್ರತಿ ತೆಗೆದು, ಅದಕ್ಕೆ ಕ್ಯಾಮೆರಾ ಹಿಡಿಯಬೇಕಾಗಿತ್ತು. ಒಂದು ಫೋಟೋಕ್ಕಾಗಿ ಮಣಗಟ್ಟಲೆ ಸೀಸ! ನೇರವಾಗಿ ಅಕ್ಷರದ್ದೇ ಫೋಟೋ ತೆಗೆದರೆ ಆಗದೆ ಎಂಬ ಯೋಚನೆ ಬೇಗನೆ ಹುಟ್ಟಿತ್ತು. ಚಲನಚಿತ್ರದ ಆದ್ಯರಲ್ಲೊಬ್ಬರೆಂದು ಹೆಸರಾದ ಇಂಗ್ಲೆಂಡಿನ ಫ್ರೀಸ್-ಗ್ರೀನ್ ೧೮೯೫ರಲ್ಲಿಯೇ ಇದಕ್ಕೊಂದು ಹಕ್ಕುಪತ್ರ ಪಡೆದಿದ್ದರು. ೧೯೨೦ರ ದಶಕದಲ್ಲಿ ಅದೇ ದೇಶದ ಆಗಸ್ಟ್ ಮತ್ತು ಹಂಟರ್ ಎಂಬಿಬ್ಬರು, ಆಮೇಲೆ ಹಂಗೆರಿಯ ಊಹರ್ ಎಂಬವರು ಯಂತ್ರಗಳನ್ನೇ ಕಟ್ಟಿ ತೋರಿಸಿದರು. ಯಾವುದೂ ಕೊನರಲಿಲ್ಲ. ಕಾರಣ ಸರಳವೆಂದು ನಮಗೆ ತೋರುತ್ತದೆ: ಅಂದಿನ ಅಚ್ಚುಕೂಟಗಳಲ್ಲಿ ಹೆಚ್ಚಿನವು ಮೊಳೆಯಿಂದಲೇ ಅಚ್ಚುಮಾಡುತ್ತಿದ್ದವು. ಅವರಿಗೆ ಸೀಸವೇ ಬೇಕಾಗಿತ್ತು, ಫಿಲ್ಮು ಬೇಕಾಗಿರಲಿಲ್ಲ.

ಎರಡನೆಯ ಮಹಾಯುದ್ಧ ಮುಗಿದ ಕೂಡಲೆ ಗಾಳಿ ತಿರುಗಿತು. ೧೯೪೬ರಲ್ಲಿ ವಾಷಿಂಗ್ಟನ್ನಿನ ಸರ್ಕಾರಿ ಮುದ್ರಣಾಲಯದಲ್ಲಿ ಇಂಟರ್‌ಟೈಪ್ ಕಂಪನಿಯ ‘ಫೋಟೋಸೆಟರ್’ ಪರೀಕ್ಷೆಗೆ ನಿಂತಿತು. ಇದರ ಉಪಾಯ ಬಹು ಸ್ವಾರಸ್ಯದ್ದು. ಹೊರನೋಟಕ್ಕೆ ಹಳೆಯ ಸಾಲೆರಕದ ಯಂತ್ರವೇ; ಅದೇ ಕೀಲಿಮಣೆ, ಹಿತ್ತಾಳೆಯ ಅದೇ ಬಿಲ್ಲೆಗಳು ಸಾಲುಗಟ್ಟುವ ಅದೇ ಸದ್ದು. ಆದರೆ ಪ್ರತಿ ಬಿಲ್ಲೆಯ ಹೊಟ್ಟೆಯಲ್ಲಿ, ಅಕ್ಷರದ ತಗ್ಗಿನ ಬದಲು, ಅಕ್ಷರದ ಪುಟ್ಟದೊಂದು ಫಿಲ್ಮ್ ನೆಗೆಟಿವ್ ಕೂಡಿಸಿತ್ತು. ಬಿಲ್ಲೆಗಳು ಒಂದೊಂದಾಗಿ ದೀಪದ ಮುಂದೆ ಏರಿ ನಿಂತು, ಬೆಳಕು ಅವುಗಳೊಳಗಿಂದ ಹಾಯ್ದು, ಅಕ್ಷರ ಫಿಲ್ಮಿನ ಮೇಲೆ ಬೀಳುತ್ತಿತ್ತು; ಅಕ್ಷರದ ಅಗಲಕ್ಕೆ ತಕ್ಕಷ್ಟು ಸ್ಥಳ ಸರಿದು ಮುಂದಿನದಕ್ಕೆ ಎಡೆಯಾಗುತ್ತಿತ್ತು. ಮಾನೊಟೈಪಿನವರು ಅದೇ ಹಾದಿ ಹಿಡಿದು, ೧೯೫೦ರ ದಶಕದಲ್ಲಿ ‘ಮಾನೊಫೋಟೊ’ ತಂದರು: ೨೫೫ ಅಕ್ಷರಗಳ ನೆಗೆಟಿವ್‌ಗಳು ಒಂದೇ ಚೌಕಟ್ಟಿನಲ್ಲಿ, ಬೇಕಾದ ಮನೆ ದೀಪದ ಮೇಲೆ ಬಂದು ನಿಲ್ಲುವುದು. ಹಳೆಯ ಕೆಲಸಗಾರನಿಗೆ ಹೊಸದಾಗಿ ಕಲಿಯುವುದು ಕಡಮೆ. ಕಂಪನಿಗೂ ಹಳೆಯ ಗಿರಾಕಿ ತಪ್ಪಲಿಲ್ಲ. ವ್ಯಾಪಾರದ ದೃಷ್ಟಿಯಿಂದ ಜಾಣತನವೇ. ಆದರೆ ಬಿಲ್ಲೆ ಬಂದು, ನಿಂತು, ಹೋಗಬೇಕಾದ್ದರಿಂದ ವೇಗವೂ ಹಳೆಯದೇ ಉಳಿಯಿತು.

ಲೋಹದ ಯಂತ್ರದ ಹಂಗನ್ನು ಪೂರ್ತಿ ತೊರೆದವರು ಅಚ್ಚಿನ ಕಸುಬಿನವರೇ ಅಲ್ಲ, ಟೆಲಿಫೋನಿನ ಎಂಜಿನಿಯರುಗಳು. ರೆನೆ ಇಗೊನೆ ೧೯೦೨ರಲ್ಲಿ ಹುಟ್ಟಿದವರು. ಲೂಯಿ ಮೊಯಿರು ೧೯೧೪ರಲ್ಲಿ. ಇಬ್ಬರೂ ಯುದ್ಧಕಾಲದಲ್ಲಿ ಫ್ರಾನ್ಸಿನ ಲಿಯಾನ್ ನಗರದಲ್ಲಿ ಒಂದು ಟೆಲಿಫೋನ್ ಸಾಮಗ್ರಿಯ ಕಂಪನಿಯಲ್ಲಿದ್ದರು. ಇಗೊನೆಯವರು ಒಮ್ಮೆ ಅಚ್ಚುಕೂಟಕ್ಕೆ ಹೋದಾಗ, ಮೇಲೆ ಹೇಳಿದ ವಿಚಿತ್ರವನ್ನು, ಅಂದರೆ ಒಂದು ಫೋಟೋಕ್ಕಾಗಿ ಸೀಸದ ಪುಟ ಕಟ್ಟುವುದನ್ನು ಕಂಡು ಬೆರಗಾದರು. ಕಸುಬಿನವರಿಗೆ ಅದು ದಿನನಿತ್ಯದ ಕೆಲಸ; ಹೊರಗಿನವರಿಗೆ ಅದು ಅಸಂಬದ್ಧ. ಇಬ್ಬರೂ ೧೯೪೪ರಲ್ಲಿ ತಮ್ಮ ಯಂತ್ರಕ್ಕೆ ಹಕ್ಕುಪತ್ರ ಕೋರಿದರು.

ಯಂತ್ರದ ಹೃದಯ ಒಂದು ಚಕ್ರ. ಅದರ ಸುತ್ತ ಅಕ್ಷರಗಳೆಲ್ಲ ಪಾರದರ್ಶಕವಾಗಿ ಮೂಡಿವೆ. ಚಕ್ರ ಎಂದೂ ನಿಲ್ಲುವುದಿಲ್ಲ, ಒಂದೇ ವೇಗದಲ್ಲಿ ಗಿರನೆ ತಿರುಗುತ್ತಿರುತ್ತದೆ. ಬೇಕಾದ ಅಕ್ಷರ ಮಸೂರದ ಎದುರಿಗೆ ಬಂದ ಕ್ಷಣದಲ್ಲಿ ದೀಪವೊಂದು ಮಿಂಚುತ್ತದೆ. ಆ ಮಿಂಚಿನ ಆಯುಷ್ಯ ಸೆಕೆಂಡಿನ ಲಕ್ಷಾಂಶಗಳಲ್ಲಿ ಎಣಿಸುವಂಥದು. ಆದ್ದರಿಂದ ಓಡುತ್ತಿರುವ ಅಕ್ಷರ ನಿಂತಂತೆ ಫಿಲ್ಮಿನಲ್ಲಿ ಮೂಡುತ್ತದೆ. ಮಳೆಗಾಲದ ರಾತ್ರಿ ಕರೆಂಟು ಹೋದಾಗ, ಇನ್ನೂ ತಿರುಗುತ್ತಿರುವ ಫ್ಯಾನಿನ ರೆಕ್ಕೆಗಳು ಮಿಂಚಿನ ಬೆಳಕಿನಲ್ಲಿ ಗಕ್ಕನೆ ನಿಂತಂತೆ ಕಾಣುವುದಿಲ್ಲವೆ, ಹಾಗೆ. ಮುಂದೆ ಮಾರಾಟಕ್ಕೆ ಬಂದ ಯಂತ್ರದಲ್ಲಿ ಒಂದೇ ಚಕ್ರಕ್ಕೆ ೧೬ ಬಗೆಯ ಅಕ್ಷರಮಾಲೆಗಳು. ಮಸೂರ ಬದಲಿಸಿದರೆ ಅವೇ ಅಕ್ಷರಗಳು ೧೨ ಗಾತ್ರಗಳಲ್ಲಿ. ಗಾತ್ರಕ್ಕೊಂದು ಕೇಸು ತುಂಬ ಮೊಳೆಗಳನ್ನಿಟ್ಟುಕೊಂಡಿದ್ದವರು ಇದನ್ನು ನೋಡಿ ಏನೆಂದುಕೊಂಡಿರಬಹುದು!

ನಮಗಂತೂ ಇದಕ್ಕಿಂತ ಹೆಚ್ಚು ಹಿಡಿಸಿದ್ದು ಅದರ ಲೆಕ್ಕ. ಸಾಲಿನ ಬಲ ಅಂಚು ನೇರವಾಗಬೇಕಾದರೆ, ಪ್ರತಿ ಅಕ್ಷರದ ಅಗಲವನ್ನು ಕೂಡಿ, ಸಾಲಿನ ಅಳತೆಯಿಂದ ಕಳೆದು, ಉಳಿದುದನ್ನು ಪದಗಳ ನಡುವಣ ತೆರಪುಗಳಿಗೆ ಭಾಗಿಸಿ ಹಂಚಬೇಕು. ಭಾಗಿಸಿ ಮಿಕ್ಕ ಶೇಷವನ್ನೂ ಎಲ್ಲಿಯಾದರೂ ಸೇರಿಸಲೇಬೇಕು. ದಿನದ ಕೊನೆಗೆ ಖಾತೆ ತಾಳೆ ನೋಡುವವರಿಗೆ ಈ ಶೇಷದ ಸಂಕಟ ಗೊತ್ತು. ಇಗೊನೆ, ಮೊಯಿರು ಈ ಕೆಲಸವನ್ನು ತಮಗೆ ಪರಿಚಿತವಾದ ಟೆಲಿಫೋನ್ ರಿಲೇಗಳಿಗೆ ವಹಿಸಿದರು. ಸಂಖ್ಯೆ ತಿರುಗಿಸಿದರೆ ಕರೆಯನ್ನು ನೆನಪಿಟ್ಟು ಹಾದಿ ಹಚ್ಚುತ್ತಿದ್ದ ಉಪಕರಣವೇ ಇಲ್ಲಿ ಸಾಲಿನ ಅಕ್ಷರಗಳನ್ನು ನೆನಪಿಟ್ಟು ಲೆಕ್ಕ ಹಾಕಿತು. ಕೂತವರು ಸಾಧಾರಣ ಟೈಪ್‌ರೈಟರಿನಂಥ ಕೀಲಿಮಣೆಯ ಮೇಲೆ ಬೆರಳಾಡಿಸಿದರೆ ಸಾಕು.

ಸ್ವದೇಶದಲ್ಲಿ ಹಣ ಹುಟ್ಟದೆ ಅವರು ಅಮೆರಿಕಕ್ಕೆ ನಡೆದರು. ಮ್ಯಾಸಚೂಸೆಟ್ಸಿನ ಕೇಂಬ್ರಿಜ್ ಪಟ್ಟಣದ ವಿಲಿಯಂ ಗಾರ್ಥ್ ಎಂಬ ಉದ್ಯಮಿ ಆಸರೆಯಾದರು. ೧೯೪೯ರಲ್ಲಿ ಇದಕ್ಕಾಗಿಯೇ ಒಂದು ಸಂಶೋಧನ ಪ್ರತಿಷ್ಠಾನ ಹುಟ್ಟಿತು. ಅಮೆರಿಕದಲ್ಲಿ ಯಂತ್ರದ ಹೆಸರು ‘ಫೋಟಾನ್’, ಫ್ರಾನ್ಸಿನಲ್ಲಿ ‘ಲ್ಯುಮಿಟಿಪ್’. ೧೯೫೩ರಲ್ಲಿ ಅದರಿಂದ ಜೋಡಿಸಿದ ಮೊದಲ ಪುಸ್ತಕ ಹೊರಬಂದಿತು. ಅದು ಆಲ್ಬ್ರೋ ಗಾಲ್ ಎಂಬವರು ಕೀಟಲೋಕದ ಮೇಲೆ ಬರೆದ ಗ್ರಂಥ. ಮಿಂಚಿ ಮಿಂಚಿ ಬರೆಯುವ ಯಂತ್ರಕ್ಕೆ ಮಿಣುಕುಹುಳುಗಳ ಸಂಸಾರದಿಂದಲೇ ಮುಹೂರ್ತವಾದದ್ದು ತಮಾಷೆಯೇ ಸರಿ. ಇಗೊನೆ ೧೯೮೩ರಲ್ಲಿ ತೀರಿಕೊಂಡರು. ೧೯೮೫ರಲ್ಲಿ ಅಮೆರಿಕದ ಸಂಶೋಧಕರ ಗೌರವ ಪಟ್ಟಿಯಲ್ಲಿ ಇಬ್ಬರ ಹೆಸರೂ ಸೇರಿತು. ಮೊಯಿರು ೨೦೧೦ರವರೆಗೆ ಬದುಕಿದ್ದರು.

ಬೆಳಕಿಗೂ ಅದರದೇ ಚೇಷ್ಟೆಗಳುಂಟು. ಸೀಸದ ಮೊಳೆಯ ಮೂಲೆ ಚೂಪಾಗಿ ನಿಲ್ಲುತ್ತದೆ; ಬೆಳಕು ಮೂಲೆಯನ್ನು ಉಂಡೆಗಟ್ಟಿಸುತ್ತದೆ. ಪ್ಯಾರಿಸಿನ ಡೆಬರ್ನಿ ಮತ್ತು ಪೆನ್ಯೋ ಅಚ್ಚೆರಕದವರಲ್ಲಿ ಕೆಲಸಕ್ಕಿದ್ದ ಸ್ವಿಟ್ಜರ್ಲೆಂಡಿನ ತರುಣ ಏಡ್ರಿಯನ್ ಫ್ರುಟಿಗರ್, ಚಕ್ರಕ್ಕೆಂದು ಅಕ್ಷರ ಬರೆಯುವಾಗ ಮೂಲೆಗಳಿಗೆ ಬೇಕೆಂದೇ ಮುಳ್ಳುಗಳನ್ನು ಚಾಚಿಸಬೇಕಾಯಿತು. ಕಾಗದದ ಮೇಲೆ ಆ ಅಕ್ಷರಗಳು ವಿಕಾರವಾಗಿ ಕಂಡರೂ ಬೆಳಕಿನಲ್ಲಿ ಹಾಯ್ದು ಬಂದ ಮೇಲೆ ಸರಿಹೋಗುತ್ತಿದ್ದವು. ೧೯೫೭ರ ಅವರ ‘ಯೂನಿವರ್ಸ್’ ಅಕ್ಷರಮಾಲೆ ಸೀಸಕ್ಕೂ ಬೆಳಕಿಗೂ ಒಟ್ಟಿಗೇ ಬಂದಿತು. ಇದೇ ಫ್ರುಟಿಗರ್ ೧೯೬೦ರ ದಶಕದಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಬಂದು ನಾಗರಿ ಲಿಪಿಯ ಮೇಲೆ ಕೆಲಸ ಮಾಡಿದ್ದುಂಟು.

ಲಿಪಿಯ ಮಾತು ಬಂದುದರಿಂದ ನಮ್ಮ ಮನೆಯ ವಿಚಾರಕ್ಕೆ ಬರಬಹುದು. ಇಂಗ್ಲಿಷ್ ಅಕ್ಷರಗಳು ಶಾಲೆಯ ಮಕ್ಕಳಂತೆ ಸಾಲಾಗಿ ಪಕ್ಕಪಕ್ಕದಲ್ಲಿ ನಿಲ್ಲುತ್ತವೆ. ಕನ್ನಡದಲ್ಲಿ ಹಾಗಲ್ಲ. ತಲೆಯ ಮೇಲೆ ಗುಡಿಸು, ಪಕ್ಕದಲ್ಲಿ ಕೊಂಬು, ಕಾಲಡಿಯಲ್ಲಿ ಒತ್ತು. ಲೋಹದ ಮೊಳೆಗೆ ಚೌಕನೆಯ ಮೈ ಇದೆ; ಒಂದರ ಮೈಯೊಳಗೆ ಇನ್ನೊಂದು ಹೊಗಲಾರದು. ಆದ್ದರಿಂದ ಒಂದೋ ಕೂಡಿಕೆಗಳಿಗೆಲ್ಲ ಬೇರೆ ಬೇರೆ ಮೊಳೆಗಳನ್ನು ಕೊರೆಯಬೇಕು, ಇಲ್ಲವೆ ತುಂಡು ತುಂಡು ಮೊಳೆಗಳನ್ನು ಒಂದರ ಅಡಿ ಒಂದನ್ನಿಟ್ಟು ಹೊಂದಿಸಬೇಕು. ೧೮೧೭ರಲ್ಲಿ ಶ್ರೀರಾಮಪುರದಲ್ಲಿ ಅಚ್ಚಾದ ವಿಲಿಯಂ ಕೇರಿಯವರ ಕರ್ಣಾಟ ಭಾಷೆಯ ವ್ಯಾಕರಣದಿಂದ ಹಿಡಿದು, ೧೮೯೪ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಅಚ್ಚುಕೂಟದಿಂದ ಬಂದ ಕಿಟ್ಟೆಲರ ನಿಘಂಟಿನವರೆಗೆ ಈ ತಾಪತ್ರಯವನ್ನು ಜೋಡಿಸುವ ಬೆರಳುಗಳೇ ಹೊತ್ತವು. ೧೮೪೩ರಲ್ಲಿ ಮೋಗ್ಲಿಂಗರು ತಂದ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನಲ್ಲಿ ಬಂದಿತೆಂಬುದು ಇಲ್ಲಿ ನೆನೆಯತಕ್ಕದ್ದು. ಕಲ್ಲಿನ ಮೇಲೆ ಕೈಬರಹವೇ ಮೂಡುವುದರಿಂದ ಅಲ್ಲಿ ಒತ್ತಕ್ಷರಕ್ಕೆ ಯಾವ ಅಡ್ಡಿಯೂ ಇರಲಿಲ್ಲ.

ಯಂತ್ರಗಳು ಬಂದಾಗ ಸಂಕಟ ಹೆಚ್ಚಿತು. ಲೈನೊಟೈಪಿನ ಕೀಲಿಗಳು ೯೦. ನಮ್ಮ ಲಿಪಿಗಳ ಮೊಳೆಗಳೋ ನೂರಾರು. ಯಂತ್ರವನ್ನು ಲಿಪಿಗೆ ಹೊಂದಿಸಬೇಕೆ, ಲಿಪಿಯನ್ನು ಯಂತ್ರಕ್ಕೆ ಹೊಂದಿಸಬೇಕೆ ಎಂಬ ಚರ್ಚೆ ದೇಶದಾದ್ಯಂತ ನಡೆಯಿತು. ಲೋಕಮಾನ್ಯ ತಿಲಕರೂ ‘ಕೇಸರಿ’ಗಾಗಿ ನಾಗರಿ ಮೊಳೆಗಳ ಸಂಖ್ಯೆ ತಗ್ಗಿಸಲು ಶ್ರಮಿಸಿದವರೇ. ಕಲ್ಕತ್ತೆಯ ‘ಆನಂದಬಜಾರ್ ಪತ್ರಿಕೆ’ಯ ಸುರೇಶಚಂದ್ರ ಮಜುಮ್‌ದಾರರು ೧೯೩೫ರಲ್ಲಿ ಬಂಗಾಳಿಯನ್ನು ಲೈನೊಟೈಪಿಗೆ ತಂದರು, ಅದು ದೊಡ್ಡ ಸಾಧನೆಯೇ. ಆದರೆ ಅದಕ್ಕಾಗಿ ಸಂಯುಕ್ತಾಕ್ಷರಗಳನ್ನು ಒಡೆದು ಸರಳಗೊಳಿಸಬೇಕಾಯಿತು, ಮತ್ತು ಒಂದು ತಲೆಮಾರು ಆ ಒಡೆದ ರೂಪವನ್ನೇ ಓದಿತು.

ಬೆಳಕು ಈ ಬೇಡಿಯನ್ನು ಕಳಚಬಲ್ಲದಾಗಿತ್ತು, ಏಕೆಂದರೆ ಬೆಳಕಿನ ಅಕ್ಷರಕ್ಕೆ ಮೈಯಿಲ್ಲ. ಒಂದರ ಕೆಳಗೆ ಒಂದನ್ನು, ಬೇಕೆಂದರೆ ಒಂದರ ಮೇಲೆಯೇ ಒಂದನ್ನು ಬೀಳಿಸಬಹುದು. ಆದರೂ ಮೊದಲ ಯಂತ್ರಗಳು ರೋಮನ್ ಲಿಪಿಗೆಂದೇ ಹುಟ್ಟಿದವು. ಚೌಕಟ್ಟಿನಲ್ಲಿ ಮನೆಗಳು ಎಣಿಸಿದಷ್ಟೇ. ಮನೆಗಳ ಈ ಮಿತಿ ಹೋದದ್ದು ಅಕ್ಷರವನ್ನು ಚಕ್ರದ ಮೇಲೆ ಚಿತ್ರವಾಗಿಡದೆ ಅಂಕಿಗಳಾಗಿ ಗಣಕದಲ್ಲಿಡುವ ಕಾಲ ಬಂದಾಗ. ೧೯೬೦ರ ದಶಕದ ನಡುವೆ ಜರ್ಮನಿಯ ರುಡಾಲ್ಫ್ ಹೆಲ್ ಅವರ ‘ಡಿಜಿಸೆಟ್’ ಆ ಬಾಗಿಲು ತೆರೆಯಿತು. ೧೯೭೬ರಲ್ಲಿ ಮಾನೊಟೈಪಿನ ‘ಲೇಸರ್‌ಕಾಂಪ್’ ಲೇಸರ್ ಕಿರಣದಿಂದಲೇ ಬರೆಯಿತು. ಸರಿಯಾಗಿ ಅದೇ ಕಾಲಕ್ಕೆ, ೧೯೭೦ರ ದಶಕದ ಕೊನೆಯ ಮತ್ತು ೮೦ರ ಮೊದಲ ವರ್ಷಗಳಲ್ಲಿ, ಲೈನೊಟೈಪಿನಲ್ಲಿ ಫಿಯೋನಾ ರಾಸ್ ಮತ್ತು ಟಿಮ್ ಹಾಲೊವೇ ಅದೇ ‘ಆನಂದಬಜಾರ್’ಗೆ ಹೊಸ ಬಂಗಾಳಿ ಅಕ್ಷರಗಳನ್ನು ರೂಪಿಸಿ, ಒಡೆದುಹೋಗಿದ್ದ ಸಂಯುಕ್ತಾಕ್ಷರಗಳನ್ನು ಮತ್ತೆ ಕೂಡಿಸಿದರು. ಈ ಇಡೀ ಚರಿತ್ರೆಯಲ್ಲಿ ನಮಗೆ ಅತ್ಯಂತ ಸಂತೋಷ ಕೊಡುವ ಘಟನೆ ಇದು.

ಕನ್ನಡದ ಸಣ್ಣ ಅಚ್ಚುಕೂಟಗಳು ಬಹುಮಟ್ಟಿಗೆ ಈ ನಡುವಿನ ಮೆಟ್ಟಿಲನ್ನು ತುಳಿಯದೆ ಸೀಸದಿಂದ ನೇರವಾಗಿ ಡಿಟಿಪಿಗೆ ಜಿಗಿದವು. ೧೯೯೧ರಲ್ಲಿ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆಯಿತು. ವಿಂಡೋಸಿನಲ್ಲಿ ಬಂದ ‘ತುಂಗಾ’ ಅಕ್ಷರಗಳ ಹಿಂದೆ ಮುಂಬಯಿಯ ಕವಿ, ಲಿಪಿಕಾರ ಆರ್. ಕೆ. ಜೋಶಿಯವರ ಕೈಯಿತ್ತೆಂಬುದು ಹೊರನಾಡಿನ ನಮಗೆ ಹೆಮ್ಮೆಯ ಸಂಗತಿ. ಆದರೂ ಹಳೆಯ ಫಾಂಟಿನಲ್ಲಿ ಬರೆದು ಕಳಿಸಿದ ಲೇಖನ ಇಲ್ಲಿ ತೆರೆದಾಗ ಒತ್ತುಗಳೆಲ್ಲ ಚೆಲ್ಲಾಪಿಲ್ಲಿಯಾಗಿ, ಪ್ರಶ್ನಾರ್ಥಕ ಚಿಹ್ನೆಗಳ ಸಂತೆಯಾಗುವುದು ಇನ್ನೂ ತಪ್ಪಿಲ್ಲ.

ಈ ಬೆಳಕಿಗೆ ತೆತ್ತ ಬೆಲೆಯನ್ನೂ ಹೇಳಬೇಕು. ೧೯೭೮ರ ಜುಲೈ ೨ರ ಸಂಚಿಕೆಯೊಂದಿಗೆ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯಲ್ಲಿ ಸೀಸದ ಜೋಡಣೆ ನಿಂತಿತು. ಲಂಡನ್ನಿನ ‘ಟೈಮ್ಸ್’ ಹೊಸ ಯಂತ್ರಗಳ ಜಗಳದಲ್ಲಿ ೧೯೭೮ರಿಂದ ೭೯ರವರೆಗೆ ಸುಮಾರು ಒಂದು ವರ್ಷ ಮುಚ್ಚಿತ್ತು. ೧೯೮೬ರಲ್ಲಿ ಅಲ್ಲಿಯೇ ವಾಪಿಂಗಿನ ಕಲಹದಲ್ಲಿ ಐದು ಸಾವಿರಕ್ಕೂ ಹೆಚ್ಚು ಮಂದಿ ಕೆಲಸ ಕಳೆದುಕೊಂಡರು. ದಪ್ಪ ಲೆಡ್ಜರುಗಳು ಮಾಯವಾದ ಬ್ಯಾಂಕಿನಲ್ಲಿ ಕೂತು ಇದನ್ನು ಓದುವಾಗ ಅದು ಬೇರೆಯವರ ಕಥೆಯೆಂದು ನಮಗೆ ಅನ್ನಿಸುವುದಿಲ್ಲ. ನಮ್ಮ ಸಂಘದ ಹಿಂದಿನ ಸಂಚಿಕೆಗಳನ್ನು ಕೈಯಿಂದ ಜೋಡಿಸುತ್ತಿದ್ದವರು ಒಬ್ಬ ಮರಾಠಿ ಕಂಪೋಸಿಟರು ಎಂದು ಹಿರಿಯ ಸದಸ್ಯರು ಹೇಳುತ್ತಾರೆ. ಅವರಿಗೆ ಕನ್ನಡ ಓದಲು ಬಾರದು, ಆಕಾರಗಳಷ್ಟೇ ಗೊತ್ತು. ಹಸ್ತಪ್ರತಿಯಲ್ಲಿ ಇದ್ದುದು ಇದ್ದಂತೆ ಮೊಳೆಯಾಗುತ್ತಿತ್ತು. ಲೇಖಕರ ತಪ್ಪೂ ತಪ್ಪಾಗಿಯೇ ಬರುತ್ತಿತ್ತು, ಸರಿಯಾದುದು ಎಂದೂ ಕೆಡುತ್ತಿರಲಿಲ್ಲ. ೧೯೯೦ರ ದಶಕದಲ್ಲಿ ಆ ಅಚ್ಚುಕೂಟ ಕನ್ನಡದ ಕೇಸುಗಳನ್ನು ಸೀಸದ ತೂಕಕ್ಕೆ ಮಾರಿತು. ಅವರು ಆಮೇಲೆ ಅಲ್ಲಿಯೇ ಬೈಂಡಿಂಗ್ ವಿಭಾಗದಲ್ಲಿ ನಿವೃತ್ತಿಯವರೆಗೆ ದುಡಿದರೆಂದು ಕೇಳಿದ್ದೇವೆ.