ತಾಯಿಯ ಕೈ ಸೇರಿದ ಹಣ

ಬಡವರಿಗೆ ಸರ್ಕಾರ ನೆರವು ನೀಡುವುದಾದರೆ ಏನನ್ನು ನೀಡಬೇಕು? ಕಾಳನ್ನೋ, ಕಾಸನ್ನೋ? ಕಾಳು ಕೊಟ್ಟರೆ ಮಕ್ಕಳ ಹೊಟ್ಟೆ ಸೇರುತ್ತದೆ, ಕಾಸು ಕೊಟ್ಟರೆ ಹೆಂಡದಂಗಡಿ ಸೇರುತ್ತದೆ ಎಂಬ ಮಾತು ಹಲವು ದೇಶಗಳಲ್ಲಿ ಕೇಳಿಬರುತ್ತದೆ. ಆ ಮಾತು ನಿಜವೇ ಎಂಬುದನ್ನು ಊಹೆಗೆ ಬಿಡದೆ, ಹಳ್ಳಿಹಳ್ಳಿಯಲ್ಲಿ ಒರೆಗೆ ಹಚ್ಚಿ ನೋಡಿದ ದೇಶ ಮೆಕ್ಸಿಕೋ. 1997ರಲ್ಲಿ ಅಲ್ಲಿ ಆರಂಭವಾದ ಯೋಜನೆಯೊಂದು ಬಡತನದ ಬಗೆಗಿನ ಹಳೆಯ ನಂಬಿಕೆಗಳನ್ನೇ ಅಲುಗಾಡಿಸಿತು.

ನಮ್ಮಲ್ಲಿ ಅನ್ನ, ಮುದ್ದೆ ಹೇಗೋ ಮೆಕ್ಸಿಕೋದ ಜನರಿಗೆ ಮೆಕ್ಕೆಜೋಳದ ರೊಟ್ಟಿ ಹಾಗೆ. 'ಟೋರ್ಟಿಯಾ' ಎಂದು ಕರೆಯುವ ಈ ರೊಟ್ಟಿಗೆ ಅಲ್ಲಿನ ಸರ್ಕಾರ ಬಹುಕಾಲ ಸಹಾಯಧನ ನೀಡುತ್ತಿತ್ತು. ಹಾಲನ್ನೂ ಅಗ್ಗದ ದರದಲ್ಲಿ ಹಂಚುತ್ತಿತ್ತು. ಆದರೆ ರೊಟ್ಟಿ ಅಂಗಡಿಗಳೂ ಹಾಲಿನ ಕೇಂದ್ರಗಳೂ ಇದ್ದದ್ದು ಹೆಚ್ಚಾಗಿ ಪಟ್ಟಣಗಳಲ್ಲಿ. ಕಡುಬಡವರು ಇದ್ದದ್ದು ಬೆಟ್ಟಗುಡ್ಡಗಳ ನಡುವಿನ ಹಳ್ಳಿಗಳಲ್ಲಿ. ಹೀಗಾಗಿ ನೆರವಿನ ದೊಡ್ಡ ಪಾಲು ನಗರಗಳಲ್ಲೇ ಉಳಿಯುತ್ತಿತ್ತು. ಹಳ್ಳಿಯ ತನಕ ಹೊರಟದ್ದೂ ಕಚೇರಿ, ಉಗ್ರಾಣ, ಸಾಗಣೆ ಎಂದು ದಾರಿಯಲ್ಲೇ ಸವೆಯುತ್ತಿತ್ತು. ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ ಎಂಬ ನಮ್ಮ ಗಾದೆ ಅಲ್ಲಿಗೂ ಸಲ್ಲುವಂಥದು.

1994ರ ಡಿಸೆಂಬರ್‌ನಲ್ಲಿ ಮೆಕ್ಸಿಕೋದ ನಾಣ್ಯ ಪೆಸೊ ಕುಸಿಯಿತು. ಮರುವರ್ಷ ದೇಶದ ಒಟ್ಟು ಉತ್ಪನ್ನ ಸುಮಾರು ಶೇಕಡಾ 6ರಷ್ಟು ಇಳಿಯಿತು. ಬೊಕ್ಕಸ ಬರಿದಾಗುತ್ತಿದ್ದಾಗಲೇ ಬಡವರ ಸಂಕಟ ಏರುತ್ತಿತ್ತು. ಇದ್ದ ಹಣದಲ್ಲೇ ಹೆಚ್ಚು ಕೆಲಸವಾಗಬೇಕಾದರೆ ಹಣವನ್ನು ನೇರವಾಗಿ ಕುಟುಂಬಕ್ಕೇ ಕೊಡಬೇಕೆಂದು ಹಣಕಾಸು ಇಲಾಖೆಯಲ್ಲಿದ್ದ ಅರ್ಥಶಾಸ್ತ್ರಜ್ಞ ಸಾಂಟಿಯಾಗೊ ಲೆವಿ ವಾದಿಸಿದರು. ಜನಸಂಖ್ಯಾಶಾಸ್ತ್ರಜ್ಞ ಹೋಸೆ ಗೋಮೆಜ್ ದೆ ಲಿಯೋನ್ ಅವರೊಡನೆ ಸೇರಿ ಅವರು ರೂಪಿಸಿದ ಯೋಜನೆಯೇ 'ಪ್ರೊಗ್ರೆಸಾ'. ಅಧ್ಯಕ್ಷ ಅರ್ನೆಸ್ಟೊ ಸೆಡಿಯೊ ಅವರ ಕಾಲದಲ್ಲಿ, 1997ರ ಆಗಸ್ಟ್‌ನಲ್ಲಿ ಅದು ಜಾರಿಗೆ ಬಂತು.

ಯೋಜನೆಯ ತಿರುಳು ಸರಳ. ಎರಡು ತಿಂಗಳಿಗೊಮ್ಮೆ ಹಣ ಬರುತ್ತದೆ. ಅದು ಬರುವುದು ಮನೆಯ ಯಜಮಾನನ ಕೈಗಲ್ಲ, ತಾಯಿಯ ಕೈಗೆ. ಇದಕ್ಕೆ ಪ್ರತಿಯಾಗಿ ಮಕ್ಕಳು ಶಾಲೆಯಲ್ಲಿ ಶೇಕಡಾ 85ರಷ್ಟು ಹಾಜರಾತಿ ಉಳಿಸಿಕೊಳ್ಳಬೇಕು. ಮನೆಯವರು ಆಗಾಗ ಆರೋಗ್ಯ ಕೇಂದ್ರಕ್ಕೆ ಹೋಗಿ ತಪಾಸಣೆ ಮಾಡಿಸಿಕೊಳ್ಳಬೇಕು. ತರಗತಿ ಏರಿದಂತೆ ಮಗುವಿನ ಪಾಲಿನ ಹಣವೂ ಏರುತ್ತದೆ, ಏಕೆಂದರೆ ಬೆಳೆದ ಮಗು ಶಾಲೆಗೆ ಹೋದರೆ ಮನೆಗೆ ಒಂದು ಕೂಲಿ ತಪ್ಪುತ್ತದೆ. ಮಾಧ್ಯಮಿಕ ಹಂತದಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಿಗಿಂತ ತುಸು ಹೆಚ್ಚು. ಆ ವಯಸ್ಸಿನಲ್ಲಿ ಶಾಲೆ ಬಿಡುತ್ತಿದ್ದವರಲ್ಲಿ ಹುಡುಗಿಯರೇ ಹೆಚ್ಚು ಎಂಬುದು ಇದಕ್ಕೆ ಕಾರಣ.

ಚೀಟಿ ಎತ್ತಿದ ಹಳ್ಳಿಗಳು

ಪ್ರೊಗ್ರೆಸಾವನ್ನು ಇತಿಹಾಸದಲ್ಲಿ ನಿಲ್ಲಿಸಿದ್ದು ಅದರ ಪರೀಕ್ಷೆಯ ಕ್ರಮ. ಎಲ್ಲ ಹಳ್ಳಿಗಳಿಗೂ ಏಕಕಾಲಕ್ಕೆ ಹಣ ಕೊಡುವಷ್ಟು ಶಕ್ತಿ ಸರ್ಕಾರಕ್ಕಿರಲಿಲ್ಲ. ಈ ಕೊರತೆಯನ್ನೇ ಅನುಕೂಲ ಮಾಡಿಕೊಂಡು 7 ರಾಜ್ಯಗಳ 506 ಹಳ್ಳಿಗಳನ್ನು ಆರಿಸಿದರು. ಚೀಟಿ ಎತ್ತಿದ ಹಾಗೆ, ಅವುಗಳಲ್ಲಿ 320 ಹಳ್ಳಿಗಳಿಗೆ ಮೊದಲು, ಉಳಿದ 186ಕ್ಕೆ ಅನಂತರ ಎಂದು ಹಂಚಿದರು. ಎರಡೂ ಗುಂಪಿನ ಮನೆಗಳನ್ನು ಮತ್ತೆ ಮತ್ತೆ ಸಮೀಕ್ಷೆ ಮಾಡಿದರು. ಲೆಕ್ಕ ಹಾಕುವ ಹೊಣೆಯನ್ನು ಹೊರಗಿನ ಸಂಶೋಧಕರಿಗೆ ಒಪ್ಪಿಸಿದರು.

ಕಂಡುಬಂದದ್ದೇನು? ಪ್ರಾಥಮಿಕ ಶಾಲೆ ಮುಗಿಸಿ ಮಾಧ್ಯಮಿಕ ಶಾಲೆಗೆ ಸೇರುವವರ ಪ್ರಮಾಣ ಗಣನೀಯವಾಗಿ ಏರಿತು. ಹುಡುಗಿಯರಲ್ಲಿ ಏರಿಕೆ ಇನ್ನೂ ಹೆಚ್ಚು. ಪುಟ್ಟ ಮಕ್ಕಳು ಕಾಯಿಲೆ ಬೀಳುವುದು ತಗ್ಗಿತು, ಅವರ ಬೆಳವಣಿಗೆಯೂ ಸುಧಾರಿಸಿತು. ಮನೆಯ ಊಟದಲ್ಲಿ ಹಣ್ಣು, ತರಕಾರಿ, ಮಾಂಸ ಹೆಚ್ಚಿದವು. ಬಂದ ಹಣದ ಒಂದು ಪಾಲನ್ನು ಕೋಳಿ, ದನ, ಬೇಸಾಯಕ್ಕೆ ತೊಡಗಿಸಿದ ಕುಟುಂಬಗಳೂ ಇದ್ದವು. ಹೆಂಡದ ಭಯವೂ ನಿಜವಾಗಲಿಲ್ಲ. ಏಷ್ಯಾ, ಆಫ್ರಿಕಾ ಹಾಗೂ ಲ್ಯಾಟಿನ್ ಅಮೆರಿಕಗಳ 19 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ ವಿಶ್ವಬ್ಯಾಂಕಿನ ಸಂಶೋಧಕರು 2014ರಲ್ಲಿ ಹೇಳಿದ್ದೂ ಇದನ್ನೇ: ನಗದು ನೆರವಿನಿಂದ ಮದ್ಯ, ತಂಬಾಕಿನ ಖರ್ಚು ಏರುವುದಿಲ್ಲ.

ಹಣ ಮಾಡಲಾಗದ್ದು

ಹಾಗೆಂದು ಇದು ಎಲ್ಲ ರೋಗಕ್ಕೂ ಮದ್ದಾಗಲಿಲ್ಲ. ಮಕ್ಕಳು ಶಾಲೆಗೆ ಬಂದರು ನಿಜ, ಆದರೆ ಪರೀಕ್ಷೆಗಳಲ್ಲಿ ಅವರ ಕಲಿಕೆ ಅದೇ ಪ್ರಮಾಣದಲ್ಲಿ ಏರಿದ್ದು ಕಾಣಲಿಲ್ಲ. ಶಾಲೆ, ಆಸ್ಪತ್ರೆಗಳೆರಡೂ ದೂರವಿದ್ದ ಕುಗ್ರಾಮಗಳು ಷರತ್ತು ಪೂರೈಸಲಾರದೆ ಮೊದಮೊದಲು ಯೋಜನೆಯಿಂದಲೇ ಹೊರಗುಳಿದವು. ಸಭೆಗೆ ಹೋಗುವ, ತಪಾಸಣೆಗೆ ಸಾಲು ನಿಲ್ಲುವ ಹೊರೆಯೆಲ್ಲ ತಾಯಂದಿರ ಮೇಲೇ ಬಿತ್ತು. ನೆರೆಮನೆಗೆ ಹಣ ಬಂದು ತಮಗೆ ಬಾರದಿದ್ದಾಗ ಒಂದೇ ಊರಿನವರ ನಡುವೆ ಮುನಿಸೂ ಹುಟ್ಟಿತು. ಫಲ ದೊರೆತದ್ದು ಹಣದಿಂದಲೋ ಷರತ್ತಿನಿಂದಲೋ ಎಂಬ ಪ್ರಶ್ನೆಗೂ ಆ ಪರೀಕ್ಷೆ ಉತ್ತರ ಕೊಡುವಂತಿರಲಿಲ್ಲ, ಏಕೆಂದರೆ ಎರಡೂ ಜೊತೆಯಾಗಿಯೇ ಬಂದಿದ್ದವು.

ಆದರೂ ಅಂಕಿಅಂಶಗಳ ಬಲ ದೊಡ್ಡದು. 2000ದಲ್ಲಿ, ಏಳು ದಶಕಗಳ ಕಾಲ ಆಳಿದ್ದ ಪಕ್ಷ ಅಧ್ಯಕ್ಷ ಪದವಿ ಕಳೆದುಕೊಂಡಿತು. ಹೊಸ ಸರ್ಕಾರ ಹಳೆಯವರ ಯೋಜನೆಯನ್ನು ಕಿತ್ತೊಗೆಯಲಿಲ್ಲ. 'ಒಪೊರ್ತುನಿದಾದೆಸ್' ಎಂದು ಹೆಸರು ಬದಲಿಸಿ ಪಟ್ಟಣಗಳಿಗೂ ವಿಸ್ತರಿಸಿತು. 1999ರ ಕೊನೆಗೆ 26 ಲಕ್ಷವಿದ್ದ ಕುಟುಂಬಗಳ ಸಂಖ್ಯೆ ಕೆಲವೇ ವರ್ಷಗಳಲ್ಲಿ 50 ಲಕ್ಷ ಮುಟ್ಟಿತು. 2014ರಲ್ಲಿ ಅದು 'ಪ್ರೊಸ್ಪೆರಾ' ಆಯಿತು. 2019ರಲ್ಲಿ ಮಾತ್ರ ಆಂದ್ರೆಸ್ ಮಾನುವೆಲ್ ಲೋಪೆಜ್ ಒಬ್ರಡೋರ್ ಅವರ ಸರ್ಕಾರ ಅದನ್ನು ಮುಗಿಸಿ, ಬೇರೆ ವಿದ್ಯಾರ್ಥಿವೇತನಗಳನ್ನು ತಂದಿತು. ಹಣವನ್ನೂ ಆರೋಗ್ಯ ತಪಾಸಣೆಯನ್ನೂ ಕಟ್ಟಿಹಾಕಿದ್ದ ಗಂಟು ಅಲ್ಲಿಗೆ ಬಿಚ್ಚಿತು.

ಕಾಳೋ ಕಾಸೋ ಎಂಬ ಪ್ರಶ್ನೆ ಕನ್ನಡಿಗರಿಗೂ ಹೊಸದಲ್ಲ. 2023ರ ಜುಲೈನಲ್ಲಿ ಅನ್ನಭಾಗ್ಯದ ಹೆಚ್ಚುವರಿ 5 ಕೆ.ಜಿ. ಅಕ್ಕಿ ಸಿಗದಾದಾಗ ಕರ್ನಾಟಕ ಸರ್ಕಾರ ಕೆ.ಜಿ.ಗೆ 34 ರೂಪಾಯಿಯಂತೆ ಹಣ ಹಾಕಿತು; 2025ರ ಆರಂಭದಲ್ಲಿ ಮತ್ತೆ ಅಕ್ಕಿಗೇ ಮರಳಿತು. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆ ಪಡೆದ ಗೃಹಲಕ್ಷ್ಮಿ ಯೋಜನೆಯೂ ತಿಂಗಳ 2,000 ರೂಪಾಯಿಯನ್ನು ಮನೆಯೊಡತಿಯ ಹೆಸರಿಗೇ ಕೊಟ್ಟಿತು, ಹಾಜರಾತಿಯ ಷರತ್ತಿಲ್ಲದೆ.

ಬಡ ತಾಯಿಗೆ ಹಣ ಬಳಸುವ ವಿವೇಕವಿದೆಯೇ ಎಂಬ ಅನುಮಾನಕ್ಕೆ ಮೆಕ್ಸಿಕೋದ ಹಳ್ಳಿಗಳು ಉತ್ತರ ಕೊಟ್ಟಿವೆ. ಆದರೆ ಅವಳು ಎಷ್ಟೇ ಜಾಣೆಯಾದರೂ ತನ್ನ ಪಾಲಿನ ಹಣದಿಂದ ಊರಿಗೊಂದು ಶಾಲೆ ಕಟ್ಟಿಸಲಾರಳು, ಒಬ್ಬ ಒಳ್ಳೆಯ ಮೇಷ್ಟರನ್ನು ನೇಮಿಸಲಾರಳು. ಆ ಕೆಲಸ ಇನ್ನೂ ಸರ್ಕಾರದ್ದೇ.